ತೂತಿನ ಒಡೆಯ

ಮಂಗಳವಾರ ಬೆಳಗಿನ ಐದೂವರೆಗೆ ಫೋನು ನಡುಗಿತು.
ವಾಲ್ಸಾಲ್ ಇನ್ನೂ ಕತ್ತಲು. ಗ್ಯಾರೇಜಿನಲ್ಲಿ
ಇನ್ನೂರ ಹನ್ನೆರಡು ಹಿತ್ತಾಳೆ ಚಕ್ಕುಲಿ ಒರಳು,
ಒಂದೊಂದರ ಹೊಟ್ಟೆಯೊಳಗೂ ಹಳೇ ಪೇಪರಿನ ಉಂಡೆ.
ದೀಪಾವಳಿಗೆ ಹದಿನೆಂಟು ದಿನ.

‘ಸುಮತಿ ಚೌಗುಲೆಯವರೇ,
ನಿಮ್ಮ ಸರಕನ್ನು ಮಾರಾಟದಿಂದ ಇಳಿಸಿದ್ದೇವೆ.
ನಕ್ಷತ್ರಾಕಾರದ ರಂಧ್ರವು
ಇನ್ನೊಬ್ಬರ ನೋಂದಾಯಿತ ವಿನ್ಯಾಸ.
ತಕರಾರಿದ್ದರೆ ಅವರನ್ನೇ ಕೇಳಿ.’

ರಂಧ್ರ!
ಎರಡು ಸಲ ಓದಿದೆ, ಕನ್ನಡಕ ಹಾಕಿ ಮೂರನೇ ಸಲ.
ಒರಳಿನ ತಂಟೆಯಿಲ್ಲವಂತೆ, ಹಿಡಿಯ ತಂಟೆಯಿಲ್ಲವಂತೆ,
ಹಿತ್ತಾಳೆ ಯಾರದಾದರೂ ಆಗಲಿ,
ತಳದ ಬಿಲ್ಲೆಯಲ್ಲಿ
ಏನೂ ಇಲ್ಲದ ಆ ಆರು ಮೂಲೆಯ ಜಾಗ,
ಅದಕ್ಕೊಬ್ಬ ಒಡೆಯ ಹುಟ್ಟಿದ್ದಾನೆ.

ಕೇಳಿದೆ. ಎಷ್ಟು ವಿನಯದಿಂದ ಅಂದರೆ
ನನ್ನ ಇಂಗ್ಲಿಷು ನನಗೇ ಗುರುತು ಸಿಗಲಿಲ್ಲ.
ದಯವಿಟ್ಟು ನೋಂದಣಿ ಸಂಖ್ಯೆ ತಿಳಿಸಿ.
ದಯವಿಟ್ಟು ದೂರು ಹಿಂಪಡೆಯಿರಿ.
ಮೂರು ದಿನ, ಮೂರು ಪತ್ರ.
ಬಾವಿಗೆ ಕಲ್ಲು ಹಾಕಿದರೆ ಗುಳುಂ ಅಂತಾದರೂ ಅನ್ನುತ್ತದೆ.

ಎತ್ತು ಈಯ್ತು ಅಂತ ಯಾವನೋ ಬರೆದ,
ಕೊಟ್ಟಿಗೆಗೆ ಕಟ್ಟಿ ಅಂತ ಕಂಪನಿ ಅಪ್ಪಣೆ ಕೊಟ್ಟಿತು.
ಎತ್ತು ಎತ್ತೇ ಎಂದು ರುಜುವಾತು ಮಾಡುವ ಕೆಲಸ
ನನ್ನ ಪಾಲಿಗೆ.

ಬೆಳಗಾವಿಯ ಎರಕದವನ ರಸೀದಿ ಕಳಿಸಿದೆ:
ಕೈಬರಹ, ಮೂಲೆಯಲ್ಲೊಂದು ಚಹಾದ ಉಂಗುರ.
‘ಅಸ್ಪಷ್ಟ’ ಎಂದರು.

ಕೊನೆಗೆ ಕಪಾಟಿನ ಮೇಲಿಂದ
ಸೋದರತ್ತೆಯ ಒರಳು ಇಳಿಸಿದೆ. ಅದರ ಹೊಟ್ಟೆಯ ಮೇಲೆ
ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಅಕ್ಷರ:
ಚಿ. ಸೌ. ಪದ್ಮಾವತಿಗೆ, ಮದುವೆಯ ಉಡುಗೊರೆ, ೧೯೬೧.
ಬೋರಲು ಹಾಕಿ ತೂತಿನ ಚಿತ್ರ ತೆಗೆದೆ,
ಕೆಳಗೆ ಅನುವಾದ ಬರೆದೆ,
‘ಚಿ. ಸೌ.’ಗೆ ಇಂಗ್ಲಿಷು ಹುಡುಕುತ್ತ ರಾತ್ರಿ ಒಂದೂವರೆ.
ಅತ್ತೆ ಅರವತ್ತನಾಲ್ಕರಲ್ಲೇ ಕುಂಕುಮ ಕಳೆದುಕೊಂಡಳು,
ಆಮೇಲೆ ಇದೇ ತೂತಿನಿಂದ
ಊರ ಮದುವೆಗಳಿಗೆಲ್ಲ ಚಕ್ಕುಲಿ ಒತ್ತಿ
ಮೂರು ಮಕ್ಕಳ ಫೀಸು ಕಟ್ಟಿದಳು.
ಅದನ್ನು ಬರೆಯಲಿಲ್ಲ.
ಅದಕ್ಕೆ ಫಾರಮ್ಮಿನಲ್ಲಿ ಚೌಕವಿರಲಿಲ್ಲ.

ಉತ್ತರ ನಾಲ್ಕೇ ನಿಮಿಷಕ್ಕೆ ಬಂತು:
‘ವೈಯಕ್ತಿಕ ವಸ್ತುಗಳನ್ನು ಪರಿಗಣಿಸಲಾಗದು.’

ದೂರಿನ ಜೊತೆ ಅವರು ಲಗತ್ತಿಸಿದ್ದ ಚಿತ್ರವನ್ನು
ಅಷ್ಟು ದಿನ ನೆಟ್ಟಗೆ ನೋಡಿರಲಿಲ್ಲ ನಾನು.
‘ನಮ್ಮ ಮೂಲ ಉತ್ಪನ್ನ.’
ದೊಡ್ಡದು ಮಾಡಿದೆ. ಇನ್ನೂ ದೊಡ್ಡದು.
ಬಿಲ್ಲೆಯ ಅಂಚು ಹಿಡಿದ ಒಂದು ಹೆಬ್ಬೆರಳು,
ಉಗುರಿನ ಸಂದಿಯಲ್ಲಿ ಅರಿಶಿನ,
ಗೆಣ್ಣಿನ ಮೇಲೆ ಎಣ್ಣೆ ಸಿಡಿದ
ಹುಣಸೆಬೀಜದಷ್ಟು ಕಲೆ.

ಫೋನು ಹಿಡಿದಿದ್ದ ಕೈಯನ್ನು ನೋಡಿಕೊಂಡೆ.

ನಕ್ಕೆ, ಪಕ್ಕದ ಮನೆಯ ನಾಯಿ ಬೊಗಳುವಷ್ಟು.
ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತೆ, ಅದು ಬೇರೆ.

ಅಂಚೆ ಕೌಂಟರಿನ ಬ್ರೆಂಡಾ
ವಾರದಿಂದ ಪಾರ್ಸೆಲ್ಲೇ ಇಲ್ಲವಲ್ಲ ಅಂತ ಗಾಬರಿಯಾಗಿದ್ದಳು.
ಅವಳ ಮುಂದೆಯೇ, ತೂಕದ ಯಂತ್ರದ ಮೇಲೆ,
ಅಂದಿನ ಪೇಪರಿನ ಪಕ್ಕ ಹೆಬ್ಬೆರಳು ಚಾಚಿದೆ.
ಅವಳೇ ಕ್ಲಿಕ್ ಮಾಡಿದಳು.
‘ಹದಿನಾರು ಗ್ರಾಂ ಇದೆ ನಿನ್ನ ಬೆರಳು’ ಎಂದಳು,
‘ಸ್ಟಾಂಪು ಹಚ್ಚಲೇ?’

ಬಲಿಪಾಡ್ಯಮಿಯ ಮಾರನೇ ದಿನ ಒರಳು ಮತ್ತೆ ಮಾರಾಟಕ್ಕೆ ಬಂತು.
‘ಅನಾನುಕೂಲಕ್ಕೆ ವಿಷಾದ.’
ದೂರಿದವನ ಹೆಸರಿಲ್ಲ, ಮುಖವಿಲ್ಲ,
ಅವನಿಗೊಂದು ಹೆಬ್ಬೆರಳು ಇರಬಹುದು.
ಗ್ಯಾರೇಜಿನಲ್ಲಿ ಇನ್ನೂರ ಹನ್ನೆರಡು ಒರಳು
ಹೊಟ್ಟೆ ತುಂಬ ಪೇಪರು ತಿಂದು ಕೂತಿದ್ದವು.

ಒಂದನ್ನು ಒಳಗೆ ತಂದೆ.
ಆ ರಾತ್ರಿ ಹಿಟ್ಟು ಕಲಸಿ, ಎಳ್ಳು ಚೆಲ್ಲಿ, ಒತ್ತಿದೆ.
ಏನೂ ಇಲ್ಲದ ಆ ಜಾಗದಿಂದ
ಮುಳ್ಳು ಮುಳ್ಳಾಗಿ ಇಳಿಯಿತು ಎಳೆ,
ಯಾರನ್ನೂ ಕೇಳದೆ.

ಮೊದಲ ಸುತ್ತು ಮುರಿಯಿತು.
ಬೆಣ್ಣೆ ಹೆಚ್ಚಾಗಿತ್ತು.