ಎಲ್ಲೆ

ಬೀಡಿ ಎಲೆಯ ಮೇಲೆ ತಗಡಿಟ್ಟು
ಇಪ್ಪತ್ತೆರಡು ವರ್ಷ ಕತ್ತರಿಸಿದ ಕೈ ಇದು,
ಅಂಚು ತಪ್ಪುವುದಿಲ್ಲ.
ಅದಕ್ಕೇ ಸಿಸ್ಟರ್ ಇಮೆಲ್ಡಾ ಪೆನ್ಸಿಲು ನನಗೇ ಕೊಟ್ಟರು:
"ವಾರಿಜಕ್ಕ, ಮಗುವಿನ ಕಾಲಿನ ಅಳತೆ ಬೇಕಂತೆ ಅವರಿಗೆ."

ಅವರು ಅಂದರೆ ಪಾವ್ಲಾ, ರೆಂಜೊ.
ಇಟಲಿಯಿಂದ ಬಂದ ಫೋಟೊದಲ್ಲಿ ಒಂದು ಅಡುಗೆಮನೆ, ಒಂದು ನಾಯಿ,
ನಗಲು ಹೋಗಿ ಅರ್ಧಕ್ಕೇ ನಿಂತ ಇಬ್ಬರು.
ವಿನುತಾ ನಾಯಿಯನ್ನು ಮಾತ್ರ ಮುಟ್ಟಿ ನೋಡಿದಳು.

ಹಳೇ ಕ್ಯಾಲೆಂಡರಿನ ಹಿಂಬದಿ, ಕೆಂಪು ಸಿಮೆಂಟಿನ ನೆಲ,
ಅವಳ ಎಡಗಾಲು.
ಹಿಮ್ಮಡಿಯಿಂದ ಹೊರಟು ಕಿರುಬೆರಳಿಗೆ ಬರುವಾಗ
ಕಚಗುಳಿಯಾಗಿ ಕಾಲೆಳೆದಳು.
ಗೆರೆ ಅಲ್ಲಿ ಹಾರಿತು.
ಅಳಿಸಲಿಲ್ಲ, ಹಾಗೇ ಕಳಿಸಿದೆವು.

ಶೂ ಬರಲು ಮೂರು ತಿಂಗಳು.
ಅಷ್ಟರಲ್ಲಿ ಕಾಲು ಬೆಳೆದಿತ್ತು.

ಮತ್ತೆ ಬರೆದೆ. ಮತ್ತೆ ಬಂತು.
ಮತ್ತೆ ಹೆಬ್ಬೆರಳು ಒಳಗೆ ಮಡಚಿಕೊಂಡಿತು.
"ಸ್ವಲ್ಪ ದೊಡ್ಡದು ಮಾಡಿ ಬರೆಯಿರಿ" ಅಂದರು ಜೆಸಿಂತಾ ಮೇಡಂ.
ಇಲ್ಲದ ಕಾಲನ್ನು ಹೇಗೆ ಬರೆಯುವುದು?
ಆರು ಜೊತೆ ಆದ ಮೇಲೆ ಅವರು ಶೂ ಕಳಿಸುವುದು ಬಿಟ್ಟರು.
ಗೆರೆ ಮಾತ್ರ ಕೇಳುತ್ತಿದ್ದರು.

ಕಡತಕ್ಕೆ ಕಾಲು ಬೆಳೆಯಲಿಲ್ಲ.
ಕೋರ್ಟಿನಲ್ಲಿ ಒಂದೂವರೆ ವರ್ಷ;
ಆಮೇಲೆ ಕಾಯಿದೆ ಬದಲಾಯಿತಂತೆ,
ಇನ್ನು ಕೋರ್ಟಲ್ಲವಂತೆ, ಡಿಸಿ ಆಫೀಸಂತೆ.
ಕೊಡಿಯಾಲ್‌ಬೈಲಿನಿಂದ ಸ್ಟೇಟ್‌ಬ್ಯಾಂಕಿಗೆ
ನಾನು ಬಸ್ಸಿನಲ್ಲಿ ಹತ್ತು ನಿಮಿಷಕ್ಕೆ ಹೋಗಿ ಮೀನು ತರುತ್ತೇನೆ.
ಕಡತಕ್ಕೆ ಇಡೀ ಒಂದು ಮಳೆಗಾಲ ಹಿಡಿಯಿತು.
ಒಂದು ಕಾಗದದಲ್ಲಿ ವಿನುತಾ, ಇನ್ನೊಂದರಲ್ಲಿ ವಿನೂತಾ:
ಒಂದು ದೀರ್ಘಕ್ಕೆ ಏಳು ವಾರ.

"ಏಪ ಬರ್ಪೆರ್?" ಕೇಳುತ್ತಿದ್ದಳು, ಗಂಜಿ ಬಾಯಲ್ಲಿಟ್ಟುಕೊಂಡೇ.
"ಎಲ್ಲೆ" ಅನ್ನುತ್ತಿದ್ದೆ.
ತುಳುವಿನಲ್ಲಿ ಎಲ್ಲೆ ಅಂದರೆ ನಾಳೆ.
ಅಂಗನವಾಡಿಯ ಟೀಚರು ಅಂಗಳಕ್ಕೆ ಸುಣ್ಣದ ಗೆರೆ ಎಳೆದು
ಕನ್ನಡದಲ್ಲಿ ಹೇಳಿಕೊಟ್ಟರು:
ಇದು ಎಲ್ಲೆ, ದಾಟಬಾರದು.
ಅವತ್ತು ಸಂಜೆ ಗೇಟಿನ ಸರಳು ಹಿಡಿದು ನಿಂತಳು,
ಬಸ್ಸು ತಿರುಗುವ ಜಾಗ ತೋರಿಸಿ,
"ಎಲ್ಲೆ ಅಲ್ಲಿ ಉಂಟಲ್ಲ, ಅಲ್ಲಿಗೆ ಹೋಗುವ" ಅಂದಳು.
ನಾನು ಒಗೆದ ಬಟ್ಟೆ ಎತ್ತಲಿಕ್ಕೆ ಹೋದೆ.

ಒಮ್ಮೆ ಫೋನಿನಲ್ಲಿ ಅವರ ಗೋಡೆ ಕಂಡಿತು.
ಒಂಬತ್ತು ಕಾಗದ, ಕೆಳಗಿನಿಂದ ಮೇಲಕ್ಕೆ,
ಯಾರೋ ಗೋಡೆ ಹತ್ತಿ ಬರುವ ಹಾಗೆ.
ಎಲ್ಲವೂ ಎಡಗಾಲೇ!
ಬಲಗಾಲು ಬರೆಯಬೇಕೆಂದು ನನಗೂ ಹೊಳೆದಿರಲಿಲ್ಲ.
ಅಷ್ಟು ದೂರ ಒಂಟಿಕಾಲಲ್ಲಿ ನಡೆಸಿದ್ದೆ ಮಗುವನ್ನು.
ಮತ್ತೆ ಚಿತ್ರ ನಿಂತುಹೋಯಿತು,
ಪಾವ್ಲಾಳ ಬಾಯಿ ತೆರೆದೇ ಉಳಿಯಿತು.

ಅವರು ಬಂದದ್ದು ಫೆಬ್ರವರಿಯಲ್ಲಿ, ಮೂರು ವರ್ಷ ನಾಲ್ಕು ತಿಂಗಳಿಗೆ.
ಬಜ್ಪೆಯಿಂದ ನೇರ ಬಂದು, ಬೆವರಿ, ಕೆಂಪಾಗಿ
ಪಾವ್ಲಾ ಕುಕ್ಕರುಗಾಲಲ್ಲಿ ಕೂತಳು.
ಮುಖ ನೋಡಲಿಲ್ಲ.
ಎಡಗಾಲಿನ ಕಿರುಬೆರಳಿಗೆ ತೋರುಬೆರಳು ಇಟ್ಟಳು,
ನನ್ನ ಗೆರೆ ಹಾರಿದ್ದ ಜಾಗಕ್ಕೆ ಸರಿಯಾಗಿ.
ವಿನುತಾ ನನ್ನ ಸೆರಗಿನ ಹಿಂದೆ.
"ನಾಯಿ ಓಲುಂಡು?"
ಯಾರಿಗೂ ತಿಳಿಯಲಿಲ್ಲ.
ನಾನು ನಾಚಿಕೆ ಬಿಟ್ಟು ಬೌ ಬೌ ಅಂದೆ.
ರೆಂಜೊ, ಅಷ್ಟು ಎತ್ತರದ ಗಂಡಸು,
ನೆಲಕ್ಕೆ ಕೈಯೂರಿ ತಾನೂ ಬೊಗಳಿದ,
ಬೊಗಳುತ್ತಲೇ ಅತ್ತ.

ಹದಿನೆಂಟು ದಿನ ಬಿಟ್ಟು, ಪಾಸ್‌ಪೋರ್ಟು ಬಂದು, ಹೋದಳು.

ಆ ಆರು ಜೊತೆ ಈಗ ಅಂಗಳದಲ್ಲಿ ಓಡುತ್ತವೆ,
ಬೇರೆ ಆರು ಮಕ್ಕಳ ಕಾಲಲ್ಲಿ.
ತಡವಾದದ್ದು ಅವರಿಗಾದರೂ ಆಯಿತು.

ಮೊನ್ನೆ ಯಶುನ್, ಯಾರೂ ಇನ್ನೂ ಕೇಳದ ಹುಡುಗ,
ನೆಲದ ಮೇಲೆ ಕಾಲು ಚಾಚಿ ಹೇಳಿದ: "ನನ್ನದೂ."
ಬರೆದೆ. ಎರಡೂ ಕಾಲು ಬರೆದೆ.
ಕಾಗದ ಕಪಾಟಿನಲ್ಲಿದೆ, ವಿಳಾಸವಿಲ್ಲ.
ಆಗಾಗ ಹೊರಗೆ ತೆಗೆದು
ಅದರ ಮೇಲೆ ಅವನನ್ನು ನಿಲ್ಲಿಸಿ ನೋಡುತ್ತೇನೆ,
ಗೆರೆಯಿಂದ ಎಷ್ಟು ಆಚೆ ಬಂದಿದ್ದಾನೆ ಎಂದು.