ಪ್ರತ್ಯೇಕವಾಗಿ ವಿಚಾರಿಸಲಾಗಿ

ಕೆಂಟಕಿಯ ಈ ಕಚೇರಿಯ ನೆಲಮಾಳಿಗೆಯಲ್ಲಿ
ಕ್ರಯಪತ್ರದ ಪುಸ್ತಕ ಒಂದೊಂದೂ ಎಳೆಗರುವಿನಷ್ಟು ಭಾರ.
ವಾನೆಟಾ ತಬ್ಬಿ ತಂದು ಮೇಜಿನ ಮೇಲೆ ಮಲಗಿಸುತ್ತಾಳೆ.
“ಇಲ್ಲಿಗೆ ಬರುವವರು ಎರಡೇ ಜಾತಿ,” ಅನ್ನುತ್ತಾಳೆ,
“ಗ್ಯಾಸು ಕಂಪನಿಯ ವಕೀಲರು,
ಮತ್ತೆ ಸತ್ತವರನ್ನು ಹುಡುಕುವವರು.
ನೀವು ಪೆನ್ಸಿಲ್ ತಂದಿದ್ದೀರಿ. ಗೊತ್ತಾಯಿತು ಬಿಡಿ.”

ನನಗೆ ಬೇಕಾದವಳು ಒಬ್ಬಳು, ಅಜ್ಜಿಯ ಅಜ್ಜಿ.
ಮನೆಯ ಬೈಬಲ್ಲಿನಲ್ಲಿ ಅವಳಿರಬೇಕಾದ ಮೂಲೆ ಇಲಿ ತಿಂದಿದೆ.
ಜನಗಣತಿಯ ಹಾಳೆಗೆ ನೀರು ಬಿದ್ದು, ಉಳಿದದ್ದು ‘ಹೆಂಡತಿ’ ಅಷ್ಟೆ.
ಗೋರಿಯ ತಲೆಗೆ ಒಂದು ಹೊಳೆಗಲ್ಲು, ಅಕ್ಷರವಿಲ್ಲದ್ದು.

ಗಂಡ ಸಿಕ್ಕಿದ, ಸಲೀಸಾಗಿ. ಎನೋಕ್ ಟಾಲ್ಬರ್ಟ್.
ಗಂಡಸರು ಸಲೀಸಾಗಿ ಸಿಗುತ್ತಾರೆ:
ಕೊಂಡವರು, ಮಾರಿದವರು, ತೆರಿಗೆ ಬಾಕಿ ಇಟ್ಟವರು.
1871. ಅವನ ನೆಲದ ಚಕ್ಕುಬಂದಿ ಓದುತ್ತೇನೆ,
ಬೆರಳಿಟ್ಟು, ತುಟಿಯಾಡಿಸುತ್ತ, ಒಂದನೇ ಕ್ಲಾಸಿನ ಮಗುವಿನ ಹಾಗೆ:

“ಬೆಲ್ಸ್ ಲಿಕ್ ತೊರೆಯ ಬಾಯಲ್ಲಿನ ಬೀಚ್ ಮರದಿಂದ ಶುರುವಾಗಿ
ನಲವತ್ತು ಕೋಲು ಮೇಲಕ್ಕೆ, ಎರಡು ಚೆಸ್ಟ್‌ನಟ್ ಮರಗಳಿಗೆ;
ಅಲ್ಲಿಂದ ಉತ್ತರಕ್ಕೆ, ಸುಟ್ಟ ಕುರಿದೊಡ್ಡಿಯ ಮೇಲಿನ ಬಂಡೆಗೆ;
ಅಲ್ಲಿಂದ ಬೆಟ್ಟದ ನೆತ್ತಿಗುಂಟ, ಅದು ಹೊರಳಿದ ಹಾಗೆ ಹೊರಳಿ,
ಮರಳಿ ಶುರುವಿನ ಮರಕ್ಕೆ.”

ಮರ ಸತ್ತರೆ ಗಡಿಯೂ ಸಾಯುತ್ತದೆಂದು
ಬರೆದವನಿಗೆ ಹೊಳೆಯಲೇ ಇಲ್ಲ.
ಚೆಸ್ಟ್‌ನಟ್ಟುಗಳಿಗೆ ರೋಗ ಬಂದದ್ದು ಅಮ್ಮ ಹುಟ್ಟುವ ಮೊದಲು.
ಬೆಟ್ಟದ ನೆತ್ತಿಯನ್ನು ಸಿಡಿಸಿ ಕಣಿವೆಗೆ ಸುರಿದದ್ದು
ನಾನು ಶಾಲೆಯ ಬಸ್ಸು ಓಡಿಸುತ್ತಿದ್ದ ವರ್ಷ;
ಕಿಟಕಿಯ ಗಾಜು ನಡುಗಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.
ಹೊರಳಿದ ಹಾಗೆ ಹೊರಳಲು ಈಗೇನಿದೆ ಅಲ್ಲಿ?
ಈ ಮೇಜಿನ ಹಾಗೆ ಚಪ್ಪಟೆ. ಹುಲ್ಲು ಬಿತ್ತಿದ್ದಾರೆ.

ಇನ್ನೊಂದು ಪುಸ್ತಕ. ಹತ್ತೊಂಬತ್ತು ವರ್ಷದ ಮೇಲೆ ಅದೇ ಎನೋಕ್
ಅದೇ ನೆಲದ ಅಡಿಯ ಕಲ್ಲಿದ್ದಲು, ಎಣ್ಣೆ, ಉಪ್ಪುನೀರು,
ಇರುವುದು, ಇರಬಹುದಾದದ್ದು ಸಮೇತ
ಎಕರೆಗೆ ಅರ್ಧ ಡಾಲರಿನಂತೆ ಬರೆದುಕೊಟ್ಟಿದ್ದಾನೆ.
ಮೇಲಿನ ಜೋಳ ನಮ್ಮದು. ಬೇರಿನಾಚೆಯದೆಲ್ಲ ಅವರದು.

ಆ ಪತ್ರದ ಬಾಲದಲ್ಲಿ, ಗುಮಾಸ್ತನ ಷರಾದಲ್ಲಿ, ಅವಳು:

“ಸದರಿ ಎನೋಕನ ಹೆಂಡತಿ ಲುರೇನಿ,
ಗಂಡನಿಂದ ದೂರವಿರಿಸಿ ಪ್ರತ್ಯೇಕವಾಗಿ ವಿಚಾರಿಸಲಾಗಿ,
ಯಾರ ಬೆದರಿಕೆಯೂ ಇಲ್ಲದೆ, ಸ್ವಂತ ಖುಷಿಯಿಂದ
ತನ್ನ ಹಕ್ಕು ಬಿಟ್ಟುಕೊಟ್ಟೆನೆಂದು ಹೇಳಿದಳು.”

ಲುರೇನಿ.
ಜೋರಾಗಿ ಅಂದೆನೇನೋ, ವಾನೆಟಾ ತಲೆಯೆತ್ತಿದಳು.

ಎಲ್ಲಿ ಕೂರಿಸಿ ಕೇಳಿದರು? ಜಗಲಿಯಲ್ಲೆ?
ಎನೋಕ್ ಗುಮಾಸ್ತನ ಕುದುರೆಗೆ ನೀರು ಕುಡಿಸುತ್ತ
ಕಿವಿ ಇತ್ತ ಇಟ್ಟಿದ್ದನೆ?
ಅವಳ ಕೈ ಹಿಟ್ಟಾಗಿತ್ತೆ?
ಹುಟ್ಟಿದಾಗಿನಿಂದ ಮೊದಲ ಸಲ ಒಬ್ಬರು
ನಿನ್ನ ಮನಸ್ಸಿನಲ್ಲೇನಿದೆ ಎಂದು ಕೇಳಿದ್ದಾರೆ,
ಉತ್ತರವನ್ನು ಮಸಿಯಲ್ಲಿ ಬರೆದುಕೊಂಡಿದ್ದಾರೆ.

ಆಮೇಲೆ ಹಿಂದಿನ ಪುಟ ನೋಡಿದೆ. ನೋಡಬಾರದಿತ್ತು.
ಅಲ್ಲಿ ಸಿಂಥಿಯ. ಅದರ ಹಿಂದೆ ಆರ್ಮಿಲ್ಡಾ.
ಅದೇ ಮಾತು, ಅದೇ ಅಲ್ಪವಿರಾಮ, ಅದೇ ಖುಷಿ.
ಇಡೀ ಕೌಂಟಿಯ ಹೆಂಗಸರು ಸೇರಿ ಆಡಿದ್ದು ಒಂದೇ ವಾಕ್ಯ.

ಮರಳಿ ಅವಳಲ್ಲಿಗೆ ಬಂದೆ, ಬರಿಗೈಯಲ್ಲಿ.
ಆಗ ಕಂಡಿತು: ‘ಸ್ವಂತ ಖುಷಿಯಿಂದ’
ಸಾಲಿನಲ್ಲಿಲ್ಲ. ಸಾಲಿನ ಮೇಲೆ, ಚಿಕ್ಕದಾಗಿ,
ಬೇರೆ ಮಸಿಯಲ್ಲಿ ತೂರಿಸಿದ್ದಾರೆ, ಕೆಳಗೊಂದು ಕಾಕಪಾದ.
ಸಿಂಥಿಯಳದರಲ್ಲಿ ಹಾಗಿಲ್ಲ. ಆರ್ಮಿಲ್ಡಾಳದರಲ್ಲೂ.

ವಾನೆಟಾ ಕನ್ನಡಕ ಏರಿಸಿ ಬಗ್ಗಿ ನೋಡಿದಳು.
“ನಕಲು ಮಾಡುವಾಗ ಬಿಟ್ಟುಹೋಗಿದೆ. ಊಟದ ಹೊತ್ತಿರಬೇಕು.”
ಇರಬೇಕು.

ಜೆರಾಕ್ಸ್ ಪುಟಕ್ಕೆ ಅರ್ಧ ಡಾಲರ್.
ಎರಡು ನಾಣ್ಯ ಎಣಿಸಿಕೊಟ್ಟೆ, ಒಂದು ಎಕರೆಯ ಬೆಲೆ.
ಅವಳ ಹೆಸರಿನ ಮೇಲೆ ಮಡಿಕೆ ಬೀಳದ ಹಾಗೆ
ಮೂರು ಸಲ ಮಡಿಸಿ ನೋಡಿ, ಕೊನೆಗೆ
ಮಡಿಸದೆ ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದೆ.