ಮೂರು ಗಂಟೆ

ಉರಿಗಾಮಿನ ಟಾಕೀಸಿನಲ್ಲಿ ಶನಿವಾರ ರಾತ್ರಿ,
ಸಾಹೇಬರ ಸಾಲು ಬಿಟ್ಟು ಹಿಂದಿನ ಬೆಂಚು.
ಅಪ್ಪನ ಅಂಗಿಗೆ ಗ್ರೀಸು, ನನ್ನ ಬಾಯಿಗೆ ಕಡಲೆ.
ಪರದೆಯ ತುಂಬ ಧೂಳು, ಕುದುರೆ,
ನಮ್ಮ ಸೈನೈಡ್ ದಿಬ್ಬದಂಥದೇ ಬೋಳು ಗುಡ್ಡ.
ಇದನ್ನೆಲ್ಲ ಮಾರಿಕುಪ್ಪದ ಆಚೆ ಎಲ್ಲೋ
ತೆಗೆದಿದ್ದಾರೆ ಅಂದುಕೊಂಡೆ.

ಎದೆಗೆ ನಕ್ಷತ್ರ ಸಿಕ್ಕಿಸಿಕೊಂಡವನೊಬ್ಬ
ಕೈದಿಯೊಬ್ಬನನ್ನು ಹಗ್ಗದಲ್ಲಿ ಕಟ್ಟಿ ತರುತ್ತಿದ್ದ,
ಅವನ ಗೆಳೆಯನನ್ನೇ ಕೊಂದವನನ್ನು,
ನಾಲ್ಕು ದಿನದ ದಾರಿ, ಕೋರ್ಟಿಗೆ.
ನಡುದಾರಿಯ ಊರು ಅಡ್ಡ ನಿಂತಿತು: ನಮಗೆ ಕೊಡು.
ಬಿಳಿ ಲಂಗದ ಹೆಂಗಸು ತೋಳು ಹಿಡಿದು ಅತ್ತಳು: ಬಿಟ್ಟು ಬಾ.
ಅವನು ಟೋಪಿ ತೆಗೆದು ಏನೋ ಅಂದ, ಒಂದೇ ಮಾತು.
ಮುಂದಿನ ಸಾಲಿನ ಸಾಹೇಬರು ಯಾಕೋ ನಕ್ಕರು.

"ಏನಂದ ಅಪ್ಪಾ?"
ಅಪ್ಪನಿಗೆ ಬರುತ್ತಿದ್ದುದು ಇಂಜಿನ್ ಮನೆಯಷ್ಟೇ ಇಂಗ್ಲಿಷು:
ಸ್ಟಾಪ್, ಲೋವರ್, ಮೆನ್, ಬ್ರೇಕ್.
ತುಸು ಹೊತ್ತು ಸುಮ್ಮನಿದ್ದು ಹೇಳಿದ:
"ನಾನೇನು ದೊಡ್ಡ ಮನುಷ್ಯನಲ್ಲ.
ಈ ಹಗ್ಗದ ತುದಿ ನನ್ನ ಪಾಲಿಗೆ ಬಂದಿದೆ, ಅಷ್ಟೇ. ಹಾಗಂದ."

ಅಪ್ಪನೂ ಹಗ್ಗದ ಕೆಲಸದವನು.
ಉಕ್ಕಿನ ಹಗ್ಗ, ತುದಿಗೆ ಬೋನು, ಮೈಲಿಗೂ ಮಿಕ್ಕ ಆಳ.
ಕೆಳಗಿನವರ ಮುಖ ಕಾಣದು, ಗಂಟೆ ಮಾತ್ರ ಕೇಳುವುದು.
ಎರಡಾದರೆ ಇಳಿಸು.
ಮೂರಾದರೆ ಒಳಗೆ ಮನುಷ್ಯರಿದ್ದಾರೆ, ಮೆಲ್ಲಗೆ.
ಗಂಟೆಯಿಲ್ಲದೆ ಕೈ ಆಡಬಾರದು.
ಒಂದು ಕಾಲು ಬೋನಿನಲ್ಲಿ, ಒಂದು ಹೊರಗೆ ಇದ್ದವನು
ಏನಾದನೆಂದು ಅಪ್ಪ ಉಮೇದುವಾರಿಯಲ್ಲೇ ನೋಡಿದ್ದ.
ಆ ಕಥೆ ಮಾತ್ರ ಪೂರ್ತಿ ಹೇಳುತ್ತಿರಲಿಲ್ಲ.

ಆ ಚಳಿಗಾಲ ಬರ್ಸ್ಟಾಯಿತು.
ಅಟ್ಟದ ಪಾತ್ರೆಗಳೆಲ್ಲ ಒಟ್ಟಿಗೆ ನೆಲಕ್ಕೆ, ಆಮೇಲೆ ಸೈರನ್ನು.
ಎಂಬತ್ತನೆಯ ಲೆವೆಲ್ಲಿನಲ್ಲಿ ಇನ್ನಾಸಪ್ಪ ಚಿಕ್ಕಪ್ಪ.
ಅಜ್ಜಿ ಜ್ಞಾನಮ್ಮ ಬರಿಗಾಲಲ್ಲಿ ಓಡಿದಳು, ಹಿಂದೆ ನಾನು.
"ಎತ್ತೋ ಚೌರಾ, ಎತ್ತೋ, ನಿನ್ ತಮ್ಮ ಕಣೋ!"
ಅಪ್ಪ ತಿರುಗಲಿಲ್ಲ.
ಬಲಗೈ ಲಿವರಿನ ಮೇಲೆ, ಎಡಗೈ ಬ್ರೇಕಿನ ಮೇಲೆ.
ಯಾರೋ ಕಲ್ಲೆಸೆದರು, ಗಾಜೊಡೆಯಿತು.
"ನನ್ನ ತಮ್ಮನಿಗೊಂದು ಗಂಟೆ,
ಕಂಡವರ ತಮ್ಮನಿಗೊಂದು ಗಂಟೆ ಇದೆಯೇನಮ್ಮಾ?"
ನನಗೆ ಕೇಳಿಸಿತು. ಅಜ್ಜಿಗೆ ಕೇಳಿಸಿತೋ ಇಲ್ಲವೋ.

ನಲವತ್ತು ನಿಮಿಷ.
ಆಮೇಲೆ ಟಣ್. ಟಣ್. ಟಣ್.

ಹನ್ನೊಂದು ಜನ ಬಂದರು, ಮೈಯೆಲ್ಲ ಬೂದಿ, ಕಣ್ಣು ಮಾತ್ರ ಬಿಳಿ.
ಚಿಕ್ಕಪ್ಪ ಮೂರನೆಯ ದಿನ ಬಂದ, ಗೋಣಿಯಲ್ಲಿ.
ಕಾದದ್ದಕ್ಕೆ ಸತ್ತನೋ, ಮೊದಲೇ ಸತ್ತಿದ್ದನೋ,
ಡಾಕ್ಟರು ಹೇಳಲಿಲ್ಲ.
ವಿಚಾರಣೆಗೆ ಬಂದವರು ತಪ್ಪಿಲ್ಲವೆಂದು ಬರೆದುಕೊಂಡು ಹೋದರು.
ಅಜ್ಜಿಗೆ ಓದು ಬರುತ್ತಿರಲಿಲ್ಲ.
ಸಾಯುವ ತನಕ ಅಪ್ಪ ಕೊಟ್ಟ ನೀರು ಮುಟ್ಟಲಿಲ್ಲ.
ಅಪ್ಪ ದಿನವೂ ಲೋಟ ತುಂಬಿ ಅವಳ ಮಗ್ಗುಲಲ್ಲಿಡುವುದು,
ಸಂಜೆ ಅದನ್ನು ನಾನು ಕರಿಬೇವಿಗೆ ಹೊಯ್ಯುವುದು.
ಗಿಡ ಮಾಡು ಮುಟ್ಟಿತು.

ನಾನಾಗಿದ್ದರೆ?
ಎತ್ತುತ್ತಿದ್ದೆ, ಅನ್ನಿಸುತ್ತದೆ ಕೆಲವು ರಾತ್ರಿ.
ಆಗ ಆ ಹನ್ನೊಂದು ಜನರಲ್ಲಿ ಒಬ್ಬೊಬ್ಬರ ಕಾಲೂ ನೆನಪಾಗುತ್ತದೆ.
ಅವರಲ್ಲೊಬ್ಬನ ಮೊಮ್ಮಗಳು ನನ್ನ ಕ್ಲಾಸಿನಲ್ಲಿದ್ದಳು,
ಜಂಭದ ಹುಡುಗಿ. ಒಂದು ದಿನವೂ ಹೋಂವರ್ಕ್ ತರಲಿಲ್ಲ.

ಗಣಿ ಮುಚ್ಚಿತು. ಟಾಕೀಸು ಸಿಮೆಂಟಿನ ಗೋಡೌನಾಯಿತು.
ಆಂಡರ್ಸನ್‌ಪೇಟೆಯ ಶಾಲೆಯಲ್ಲಿ
ಇಂಗ್ಲಿಷು ಕಲಿಸುತ್ತಲೇ ನನಗೂ ತಲೆ ನರೆಯಿತು.
ಒಂದು ಮಧ್ಯಾಹ್ನ, ಟೀವಿಯಲ್ಲಿ, ಅದೇ ಗುಡ್ಡ.
ಅದೇ ಹಗ್ಗ, ಅದೇ ಬಿಳಿ ಲಂಗ.
ಅವನು ಟೋಪಿ ತೆಗೆದ. ಈ ಸಲ ನನಗೆ ತಿಳಿಯಿತು:

"ಬಿಟ್ಟು ಓಡಿಹೋಗುತ್ತಿದ್ದೆ ಕಣೇ. ಕುದುರೆ ಕುಂಟುತ್ತಿದೆ."

ಸಾಹೇಬರು ನಕ್ಕದ್ದು ಇದಕ್ಕೆ.

ಅಪ್ಪನತ್ತ ತಿರುಗಿದೆ.
ಎಲ್ಲಿಂದ ತಂದೆ ಆ ಮಾತು, ಯಾರು ಹೇಳಿಕೊಟ್ಟರು ನಿನಗೆ,
ತಿಳಿಯದೆ ಕಟ್ಟಿದೆಯೋ, ತಿಳಿದೇ ಬದಲಿಸಿದೆಯೋ,
ನಾಲಿಗೆಯ ತುದಿಗೆ ಬಂತು.
ಅವನ ಬಲಗೈ ಕುರ್ಚಿಯ ತೋಳನ್ನು ಬಿಗಿದು ಹಿಡಿದಿತ್ತು.
ಪರದೆಯಲ್ಲಿ ಊರವರು ಹತ್ತಿರವಾಗುತ್ತಿದ್ದರು.

"ನೀರು" ಅಂದ.
ತಂದುಕೊಟ್ಟೆ.
ಕುಡಿಯಲಿಲ್ಲ. ಪಕ್ಕದ ಸ್ಟೂಲಿನ ಮೇಲಿಟ್ಟು,
ತುಳುಕಿದ್ದನ್ನು ಅಂಗೈಯಲ್ಲಿ ಒರೆಸಿದ.